ನೂರ ಎಂಟು ಡೆಸಿಬೆಲ್

ಕೋವಿಡ್ ನಿರ್ಬಂಧಗಳು ಪೂರ್ತಿ ತೆರವಾದ ಮರುವರ್ಷದ ಫೆಬ್ರವರಿ. ನಾನಾಗ ಟೆಕ್ಸಸ್‌ನಲ್ಲಿ, ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನ ಒಂದು ಖಾಸಗಿ ಪರೀಕ್ಷಾ ಸಂಸ್ಥೆಯಲ್ಲಿ ಹಿರಿಯ ಅಕೌಸ್ಟಿಕ್ ಎಂಜಿನಿಯರ್ ಆಗಿದ್ದೆ. ಶಬ್ದ ಅಳೆಯುವುದು ನನ್ನ ಕೆಲಸ. ಮೈಸೂರಿನಲ್ಲಿ ಮೆಕ್ಯಾನಿಕಲ್ ಓದಿ, ಇಲ್ಲಿಗೆ ಬಂದು ಎಂ.ಎಸ್. ಮುಗಿಸಿ, ಹನ್ನೆರಡು ವರ್ಷ ಏಸಿ ಕಂಪ್ರೆಸರ್, ಪಾತ್ರೆ ತೊಳೆಯುವ ಯಂತ್ರ, ಆಸ್ಪತ್ರೆಗಳ ಜನರೇಟರ್ ಇವುಗಳ ಗದ್ದಲವನ್ನು ಡೆಸಿಬೆಲ್ ಲೆಕ್ಕದಲ್ಲಿ ಬರೆದುಕೊಟ್ಟವಳು ನಾನು. ಬಂದೂಕಿನ ಕೆಲಸ ಕೈಗೆ ಬಂದು ನಾಲ್ಕು ವರ್ಷವಾಗಿತ್ತು. ಅಮ್ಮನಿಗೆ ಫೋನಿನಲ್ಲಿ "ಮೆಷಿನ್ ಟೆಸ್ಟಿಂಗ್" ಎಂದಷ್ಟೇ ಹೇಳುತ್ತಿದ್ದೆ.

ಅಂದು ಪರೀಕ್ಷೆಗೆ ಬಂದಿದ್ದು ರೈಫಲ್ ಸಪ್ರೆಸರ್. ರೈಫಲ್ಲಿನ ತುದಿಗೆ ತಿರುಗಿಸಿ ಕೂರಿಸುವ ಲೋಹದ ಕೊಳವೆ ಇದು. ಒಳಗಿನ ತಟ್ಟೆಯಂಥ ಅಡ್ಡಗೋಡೆಗಳು ಗುಂಡಿನ ಹಿಂದೆ ನುಗ್ಗಿ ಬರುವ ಬಿಸಿ ಅನಿಲವನ್ನು ತಡೆದು, ತಣಿಸಿ ಹೊರಗೆ ಬಿಡುತ್ತವೆ. ಸಿನಿಮಾಗಳಲ್ಲಿ ತೋರಿಸುವಂತೆ ಶಬ್ದ ಮಾಯವಾಗುವುದಿಲ್ಲ, ಕಡಿಮೆಯಾಗುತ್ತದೆ ಅಷ್ಟೆ. ನೂರ ನಲವತ್ತು ಡೆಸಿಬೆಲ್ ಮೀರಿದ ಒಂದೇ ಹೊಡೆತ ಕಿವಿಗೆ ಶಾಶ್ವತ ಹಾನಿ ಮಾಡಬಲ್ಲದು. ಸಪ್ರೆಸರ್ ಇಲ್ಲದ ರೈಫಲ್ ಅದನ್ನು ಸುಲಭವಾಗಿ ದಾಟುತ್ತದೆ. ಇನ್ನು ಗುಂಡು ಶಬ್ದಕ್ಕಿಂತ ವೇಗವಾಗಿ ಹೋದರೆ ಗಾಳಿಯಲ್ಲೇ ಚಾಟಿ ಬೀಸಿದಂಥ ಇನ್ನೊಂದು ಸದ್ದು ಹುಟ್ಟುತ್ತದೆ. ಅದನ್ನು ತಪ್ಪಿಸಲು ಬಳಸುವುದು ಸಬ್‌ಸಾನಿಕ್ ಕಾಡತೂಸು. ಅದರಲ್ಲಿ ಗುಂಡು ಭಾರ, ಮದ್ದಿನ ಪುಡಿ ಬಹಳ ಕಡಿಮೆ, ಹಾಗಾಗಿ ಗುಂಡು ಶಬ್ದದ ವೇಗ ಮೀರುವುದಿಲ್ಲ.

ಸಪ್ರೆಸರ್ ತಯಾರಿಸಿದ್ದು ಹ್ಯೂಸ್ಟನ್ನಿನ ಒಂದು ಸಣ್ಣ ಕಂಪನಿ. ಅದರ ಪ್ರಾಡಕ್ಟ್ ಎಂಜಿನಿಯರ್ ಬಸವರಾಜ್ ಬೆಳಗಿನ ಜಾವವೇ ಹ್ಯೂಸ್ಟನ್ ಬಿಟ್ಟು ಡ್ರೈವ್ ಮಾಡಿಕೊಂಡು ಬಂದಿದ್ದರು. ಗದಗ ಕಡೆಯವರು, ನನಗಿಂತ ಏಳೆಂಟು ವರ್ಷ ಚಿಕ್ಕವರು. ನನ್ನ ಅಂಗಿಗೆ ಸಿಕ್ಕಿಸಿದ್ದ ಹೆಸರಿನ ಪಟ್ಟಿಯಲ್ಲಿ "ನಾಗವೇಣಿ" ಎಂದು ಓದಿದವರೇ ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟು, "ಕನ್ನಡದವ್ರಾ? ಇಲ್ಲಿ ಬಂದೂಕಿನ ಫೀಲ್ಡಿನ್ಯಾಗ ಕನ್ನಡದವ್ರು ಸಿಗ್ತಾರಂತ ಕನಸಿನ್ಯಾಗೂ ಅಂದ್ಕೊಂಡಿರಲಿಲ್ರಿ ಮೇಡಂ" ಎಂದು ನಕ್ಕರು.

ಅವರಿಗೆ ಅಂದೇ ಅಂಕಿ ಬೇಕಿತ್ತು. ಮರುದಿನ ಬೆಳಗ್ಗೆ ಡಲ್ಲಾಸಿನ ಉತ್ತರಕ್ಕೆ, ಮೆಕಿನ್ನಿಯ ಹೊರವಲಯದ ಶೂಟಿಂಗ್ ರೇಂಜಿನಲ್ಲಿ ಅಂಗಡಿ ಮಾಲೀಕರಿಗಾಗಿ ಪ್ರದರ್ಶನ ಇಟ್ಟುಕೊಂಡಿದ್ದರು. ಇದೇ ಸಪ್ರೆಸರ್, ಇದೇ ಲಾಟಿನ, ಅಂದರೆ ಒಂದೇ ಕಂತಿನಲ್ಲಿ ತಯಾರಾದ ಕಾಡತೂಸು. ಇಪ್ಪತ್ತು ಬಾಕ್ಸ್ ಆಗಲೇ ಅಲ್ಲಿಗೆ ತಲುಪಿತ್ತು.

ಊರಾಚೆ ಹತ್ತು ಮೈಲಿ ದೂರದ ರೇಂಜಿನಲ್ಲಿ ಎಂಟೂವರೆಗೆ ಉಪಕರಣ ಇಳಿಸಿದೆವು. ರೈಫಲ್ ಹೊಡೆಯುವವರು ವೇಡ್, ಅರವತ್ತೇಳು ವರ್ಷದ ನಿವೃತ್ತ ಸೈನಿಕ. ನಮ್ಮ ಸಂಸ್ಥೆಗೆ ದಿನದ ಲೆಕ್ಕದಲ್ಲಿ ಬರುತ್ತಿದ್ದರು. ಪ್ರತಿ ಹೊಡೆತವೂ ಒಂದೇ ರೀತಿ ಇರಲಿ ಎಂದು ರೈಫಲ್ಲನ್ನು ಭಾರದ ಕಬ್ಬಿಣದ ಸ್ಟ್ಯಾಂಡಿಗೆ ಬಿಗಿದೆವು. ಒಂದು ಮೈಕ್ ಅದರ ಬಾಯಿಯಿಂದ ಒಂದು ಮೀಟರ್ ಎಡಕ್ಕೆ, ಇನ್ನೊಂದು ವೇಡ್ ಅವರ ಕಿವಿಯ ಪಕ್ಕ. ಗುಂಡಿನ ಸದ್ದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಏರಿ ಇಳಿಯುವುದರಿಂದ ಮಾಮೂಲಿ ಸೌಂಡ್ ಮೀಟರ್ ಇದಕ್ಕೆ ಸಾಲದು. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಓದುವ ಉಪಕರಣ ಬೇಕು. ಅದು ನನ್ನ ಲ್ಯಾಪ್‌ಟಾಪಿಗೆ ಜೋಡಣೆಯಾಗಿತ್ತು.

ಮೂರನೆಯ ಸಾಧನ ಕ್ರೋನೋಗ್ರಾಫ್, ಗುಂಡಿನ ವೇಗ ಅಳೆಯುವಂಥದ್ದು. ಒಂಬತ್ತರ ಹೊತ್ತಿಗೆ ಬೀಸಿದ ಗಾಳಿಗೆ ಅದರ ಟ್ರೈಪಾಡ್ ಉರುಳಿ ಕೇಬಲ್ಲಿನ ಕನೆಕ್ಟರ್ ಮುರಿಯಿತು. ಬದಲಿ ಇದ್ದದ್ದು ಲಾಸ್ ಕೊಲಿನಾಸ್‌ನ ನಮ್ಮ ಮುಖ್ಯ ಕಚೇರಿಯಲ್ಲಿ, ಮೂರು ಗಂಟೆ ದೂರದಲ್ಲಿ. ಮಧ್ಯಾಹ್ನದೊಳಗೆ ಉತ್ತರದ ಚಳಿಗಾಳಿ ಬರುತ್ತದೆ ಎಂದು ಹವಾಮಾನದವರು ಹೇಳಿದ್ದರು. ಗಾಳಿ ಜೋರಾದರೆ ಮೈಕಿನ ಓದು ಲೆಕ್ಕಕ್ಕೆ ಬರುವುದಿಲ್ಲ.

"ಲಾಟ್ ಸರ್ಟಿಫಿಕೇಟ್ ಐತ್ರಿ ಮೇಡಂ. ಸ್ಪೀಡು ಕಾಡತೂಸು ಮಾಡಿದವರs ಟೆಸ್ಟ್ ಮಾಡಿ ಕೊಟ್ಟಾರ. ನಮಗ ಬೇಕಾಗಿದ್ದು ಡೆಸಿಬೆಲ್ ಒಂದs" ಎಂದರು ಬಸವರಾಜ್.

ನಮ್ಮ ಕಾರ್ಯವಿಧಾನದ ಪ್ರಕಾರ ವೇಗದ ದಾಖಲೆಯಿಲ್ಲದೆ ಸಬ್‌ಸಾನಿಕ್ ಪರೀಕ್ಷೆ ಶುರು ಮಾಡುವಂತಿಲ್ಲ. ನಾನು ಆಕಾಶ ನೋಡಿದೆ, ಗಡಿಯಾರ ನೋಡಿದೆ. "ಸರಿ, ಶುರು ಮಾಡೋಣ" ಎಂದೆ. ಈ ನಿರ್ಧಾರ ನನ್ನದು.

ಮೊದಲು ಸಪ್ರೆಸರ್ ಇಲ್ಲದೆ ಐದು ಹೊಡೆತ. ನಂತರ ಅದನ್ನು ಜೋಡಿಸಿ ಹತ್ತು ಹೊಡೆತಗಳ ಸರಣಿ. ಕೊಳವೆಯೊಳಗಿನ ಗಾಳಿಯಲ್ಲಿ ಆಮ್ಲಜನಕ ಇರುವುದರಿಂದ ಮೊದಲ ಹೊಡೆತ ಯಾವಾಗಲೂ ಸ್ವಲ್ಪ ಜೋರು: ನೂರ ಮೂವತ್ತೊಂದು. ಆಮೇಲೆ ನೂರ ಇಪ್ಪತ್ತಾರು, ಇಪ್ಪತ್ತೈದು, ಇಪ್ಪತ್ತಾರು, ಇಪ್ಪತ್ತೈದು. ಒಳ್ಳೆಯ ಸಪ್ರೆಸರ್ ಅದು. ಆದರೆ ಬಸವರಾಜ್ ಮುಖದಲ್ಲಿ ಸಮಾಧಾನ ಇರಲಿಲ್ಲ. ಪ್ರತಿಸ್ಪರ್ಧಿಯ ಅಂಕಿಯೂ ಅಲ್ಲೇ ಸುತ್ತುತ್ತಿತ್ತು. ಅವರು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳುತ್ತ ಬೆಂಚಿನ ಎಡತುದಿಗೆ, ನಾನು ಗುರುತು ಹಾಕಿದ್ದ ಗೆರೆಗಿಂತ ಒಂದು ಹೆಜ್ಜೆ ಮುಂದೆ ಬಂದು ನಿಂತಿದ್ದರು.

ಆರನೆಯದು ನೂರ ಇಪ್ಪತ್ತಾರು. ಏಳನೆಯದು ನೂರ ಎಂಟು.

"ನೂರಾ ಎಂಟು!" ಬಸವರಾಜ್ ಕಿವಿಯ ಮೇಲಿನ ಸದ್ದು ತಡೆಯುವ ಮಫ್ ಒಂದು ಬದಿ ಎತ್ತಿ ನನ್ನತ್ತ ಬಾಗಿದರು. "ನೋಡ್ರಿ ಮೇಡಂ, ಮಂಗಳ ಸಂಖ್ಯೆ ಬಂತು! ಸಪ್ರೆಸರ್ ಬಿಸಿ ಆಗಿ ಸೆಟ್ ಆತ್ ಈಗ. ಇದನ್ನs ಬ್ರೋಷರ್‌ದಾಗ ಹಾಕೋದು."

ನಿಜ ಹೇಳುತ್ತೇನೆ, ಮೊದಲ ಕ್ಷಣ ನನಗೂ ಖುಷಿಯೇ ಆಯಿತು. ಆಮೇಲೆ ಪರದೆಯ ಮೇಲಿನ ಅಲೆಯ ಚಿತ್ರ ನೋಡಿದೆ. ಹಿಂದಿನ ಆರರಲ್ಲೂ ಸೂಜಿಯಂತೆ ಎದ್ದು ನಿಂತಿದ್ದ ಶಿಖರ ಇದರಲ್ಲಿ ಇರಲೇ ಇಲ್ಲ. ಚಿಕ್ಕದೊಂದು ಉಬ್ಬು, ಆಮೇಲೆ ನಿಧಾನಕ್ಕೆ ಇಳಿದ ಉದ್ದ ಬಾಲ. ಸಪ್ರೆಸರ್ ಎಷ್ಟೇ ಚೆನ್ನಾಗಿದ್ದರೂ ಒಂದೇ ಹೊಡೆತದಲ್ಲಿ ಹದಿನೆಂಟು ಡೆಸಿಬೆಲ್ ಇಳಿಯುವುದಿಲ್ಲ. ಈ ಸದ್ದು ತಗ್ಗಿದ್ದಲ್ಲ, ಹುಟ್ಟಿಯೇ ಇರಲಿಲ್ಲ. ಗುಂಡು ಹೊರಗೆ ಬಂದಿತ್ತೇ?

ಅದನ್ನು ಹೇಳಬೇಕಿದ್ದದ್ದು ಕ್ರೋನೋಗ್ರಾಫ್. ಎದುರಿಗೆ ಇದ್ದದ್ದು ಮಣ್ಣಿನ ದಿಬ್ಬ, ಗುರಿಯ ಕಾಗದವೂ ಇಲ್ಲ. ಕಾಡತೂಸಿನಲ್ಲಿ ಮದ್ದಿಲ್ಲದಿದ್ದರೆ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್ ಒಂದೇ ಸಿಡಿದು, ಗುಂಡನ್ನು ನಳಿಕೆಯೊಳಗೆ ಸ್ವಲ್ಪ ದೂರ ತಳ್ಳಿ ಅಲ್ಲೇ ಸಿಕ್ಕಿಸಿಬಿಡುತ್ತದೆ. ಹಿಂದಿನಿಂದ ಇನ್ನೊಂದು ಗುಂಡು ಹೊಡೆದರೆ ನಳಿಕೆ ಸೀಳುತ್ತದೆ.

ತಲೆ ಎತ್ತಿದಾಗ ವೇಡ್ ಖಾಲಿ ಕೋಶವನ್ನು ಹೊರಹಾಕಿ ಎಂಟನೆಯದನ್ನು ಒಳಗೆ ತಳ್ಳಿ ನಳಿಕೆಯ ಹಿಂಬಾಯಿಯ ಬೋಲ್ಟ್ ಮುಚ್ಚುತ್ತಿದ್ದರು. ಇಪ್ಪತ್ತು ಸೆಕೆಂಡಿಗೊಂದರಂತೆ ಅವರದೇ ಲಯದಲ್ಲಿ ಹೊಡೆಯುತ್ತಿದ್ದರು. ನಾನು "ಸೀಸ್ ಫೈರ್! ನಿಲ್ಲಿಸಿ!" ಎಂದು ಕೂಗಿದೆ. ನನ್ನ ಕಿವಿಯ ಮೇಲೂ ಮಫ್ ಇತ್ತು, ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ವೇಡ್ ಕಿವಿಯೊಳಗೆ ಫೋಮ್ ತುಂಬಿ, ಮೇಲೆ ಮಫ್ ಹಾಕಿದ್ದರು. ಕಣ್ಣು ಗುರಿ ನೋಡುವ ಸ್ಕೋಪಿನಲ್ಲಿತ್ತು. ಬೆರಳು ಟ್ರಿಗರಿನ ಕಡೆ ಹೋಗುತ್ತಿತ್ತು. ಹೊಡೆಯುವವರ ಮೈ ಮುಟ್ಟಬಾರದು ಎನ್ನುವುದು ರೇಂಜಿನ ಮೊದಲ ಪಾಠ. ಬೆಚ್ಚಿಬಿದ್ದರೆ ಬೆರಳು ಒತ್ತಿಬಿಡಬಹುದು. ಅವರ ಎದುರಿಗೆ ಹೋಗಲು ನಾಲ್ಕು ಹೆಜ್ಜೆ, ಅಷ್ಟು ಸಮಯವಿಲ್ಲ.

ಕೈಯಲ್ಲಿದ್ದ, ದಾಖಲೆಯ ಹಾಳೆ ಸಿಕ್ಕಿಸಿದ ಹಲಗೆಯನ್ನು ಚಾಚಿ ಸ್ಕೋಪಿನ ಮುಂದೆ ಅಡ್ಡ ಹಿಡಿದೆ.

ಅವರಿಗೆ ಎದುರಿನ ದಿಬ್ಬ ಇದ್ದಕ್ಕಿದ್ದಂತೆ ಕಪ್ಪಾಗಿರಬೇಕು. ಬೆರಳು ನಿಂತಿತು. ಕೈಯನ್ನು ಟ್ರಿಗರಿನಿಂದ ಪೂರ್ತಿ ಬಿಡಿಸಿಕೊಂಡು, ಮಫ್ ಕಿತ್ತು ನನ್ನ ಕಡೆ ತಿರುಗಿದರು. ನಾಲ್ಕು ವರ್ಷದಲ್ಲಿ ಅವರ ಮುಖದಲ್ಲಿ ಅಂಥ ಸಿಟ್ಟು ನೋಡಿರಲಿಲ್ಲ.

"ಏನು ಮಾಡ್ತಿದ್ದೀರಿ ಮ್ಯಾಮ್?" ಎಂದರು ಇಂಗ್ಲಿಷಿನಲ್ಲಿ.

"ಕೊನೆಯ ಗುಂಡು ಹೊರಗೆ ಹೋಯಿತೇ?" ಎಂದು ಕೇಳಿದೆ.

ಅವರು ರೈಫಲ್ಲಿನ ಬಾಯಿ ದಿಬ್ಬದ ಕಡೆಗೇ ಇರುವಂತೆ ನೋಡಿಕೊಂಡು ಬೋಲ್ಟ್ ತೆರೆದು ಎಂಟನೆಯ ಕಾಡತೂಸನ್ನು ತೆಗೆದರು. ಬೋಲ್ಟನ್ನೂ ಹೊರಗೆಳೆದು, ಹಿಂದಿನಿಂದ ನಳಿಕೆಯೊಳಗೆ ನೋಡಿದರು. ಆಚೆ ತುದಿಯಲ್ಲಿ ಬೆಳಕಿನ ಪುಟ್ಟ ವೃತ್ತ ಕಾಣಬೇಕು. ಅವರು ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು. ನಾನು ನೋಡಿದೆ. ಬರೀ ಕತ್ತಲೆ.

ವೇಡ್ ಹಿತ್ತಾಳೆಯ ಸರಳನ್ನು ಮೆಲ್ಲನೆ ತೂರಿಸಿದರು. ಒಂದು ಗೇಣಿನಷ್ಟು ಹೋಗಿ ಟಕ್ ಎಂದು ನಿಂತಿತು. ಅವರು ಬೆಂಚಿನ ಮೇಲೆ ಕುಳಿತುಬಿಟ್ಟರು. "ಮೆತ್ತಗಿದೆ ಅನಿಸಿತ್ತು. ಸ್ಟ್ಯಾಂಡ್ ಇದೆಯಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ" ಎಂದರು. ಬಸವರಾಜ್ ತಾವು ನಿಂತಿದ್ದ ಜಾಗವನ್ನೂ ರೈಫಲ್ಲನ್ನೂ ಮತ್ತೆ ಮತ್ತೆ ನೋಡುತ್ತಿದ್ದರು. ನಡುವೆ ಮೂರು ಅಡಿ ಇದ್ದಿರಬಹುದು.

ಗಾಳಿ ಅಷ್ಟರಲ್ಲಿ ಎದ್ದಿತ್ತು. ಉಪಕರಣಗಳನ್ನು ವ್ಯಾನಿಗೆ ತುಂಬುವಾಗ ಬಸವರಾಜ್ ನನ್ನ ಪಕ್ಕ ಬಂದು ನಿಂತರು. ದನಿ ಬದಲಾಗಿತ್ತು. ಮೇಡಂ ಹೋಗಿ ಅಕ್ಕಾರ ಆಗಿದ್ದೆ.

"ಅಕ್ಕಾರ, ಈ ಒಂದ್ ಶಾಟ್ ರಿಪೋರ್ಟಿನ್ಯಾಗ ಬ್ಯಾಡ್ರಿ. ಒಂದ್ ರೌಂಡ್ ಕೆಟ್ಟಿತ್ತು, ತಗದು ಒಗದ್ವಿ, ಮುಗೀತು. ನೀವು ಕ್ರೋನೋಗ್ರಾಫ್ ಇಲ್ಲದs ನಡಸಿದ್ದನ್ನ ನಾನೂ ಎಲ್ಲೂ ಬಾಯಿ ಬಿಡಂಗಿಲ್ಲ."

ಅದರಲ್ಲಿ ಬೆದರಿಕೆ ಇರಲಿಲ್ಲ, ಬೇಡಿಕೆ ಇತ್ತು. ಈ ಲಾಟಿನ ಕಾಡತೂಸನ್ನು ಆರಿಸಿದ್ದು ಅವರೇ. ಕೆಲಸ ಹೋದರೆ ಅರವತ್ತು ದಿನದಲ್ಲಿ ಇನ್ನೊಂದು ಹುಡುಕಬೇಕು, ಇಲ್ಲವಾದರೆ ವೀಸಾ ಹೋಗುತ್ತದೆ. ಹೆಂಡತಿಗೆ ಆಗ ಏಳು ತಿಂಗಳು. ಅದನ್ನೂ ಹೇಳಿದರು. ನನ್ನ ಬಳಿಯೂ ಕಾರಣಗಳಿದ್ದವು. ಕಾರ್ಯವಿಧಾನ ಮುರಿದಿದ್ದು ಬರಹದಲ್ಲಿ ದಾಖಲಾದರೆ ನನ್ನ ಹೆಸರಿಗೆ ಅಂಟಿಕೊಳ್ಳುತ್ತದೆ. ಒಂದು ನಿಮಿಷ, ಇಬ್ಬರೂ ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ನನ್ನ ಮನಸ್ಸೂ ಲೆಕ್ಕ ಹಾಕಿತು.

"ಅದೊಂದೇ ಕೆಟ್ಟಿತ್ತು ಅಂತ ನಿಮಗೆ ಹೇಗೆ ಗೊತ್ತು ಬಸವರಾಜ್?" ಎಂದೆ. "ನಾಳೆ ಮೆಕಿನ್ನಿಯಲ್ಲಿ ರೈಫಲ್ ಹೊಡೆಯೋರು ಯಾರು?"

"ಡೀಲರ್‌ಗಳು. ಅವರವರs ಹೊಡೀತಾರ್ರಿ."

"ಅಲ್ಲಿ ಮೈಕ್ ಇರಲ್ಲ, ಲ್ಯಾಪ್‌ಟಾಪ್ ಇರಲ್ಲ. ಒಂದು ಶಾಟ್ ಸಣ್ಣಗೆ ಕೇಳಿಸಿದರೆ ಎಲ್ಲರೂ ಚಪ್ಪಾಳೆ ತಟ್ಟಿ, ಇನ್ನೊಂದು ಹೊಡೀರಿ ಅಂತಾರೆ."

ಅವರು ವ್ಯಾನಿನ ಬಾಗಿಲಿಗೆ ಒರಗಿ ನಿಂತು, ಹ್ಯೂಸ್ಟನ್ನಿನ ತಮ್ಮ ಮ್ಯಾನೇಜರಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಆತ ಎಲ್ಲ ಕೇಳಿ, ಸಾವಿರಕ್ಕೊಂದು ಹೀಗೆ ಇದ್ದೇ ಇರುತ್ತದೆ, ಪ್ರದರ್ಶನ ನಿಲ್ಲಿಸುವ ಮಾತೇ ಇಲ್ಲ, ನೀನು ಅಂಕಿ ತೆಗೆದುಕೊಂಡು ಬಾ ಎಂದು ಫೋನ್ ಇಟ್ಟ. ಇನ್ನೊಬ್ಬರ ಅನ್ನದ ಪ್ರಶ್ನೆಯಲ್ಲಿ ಆಗಲೇ ಹೇಳಿದ್ದಕ್ಕಿಂತ ಹೆಚ್ಚು ಹೇಳುವ ಧೈರ್ಯ ನನಗೆ ಬರಲಿಲ್ಲ. ಆಮೇಲೆ ಬಸವರಾಜ್ ಮೆಕಿನ್ನಿಯ ರೇಂಜಿನ ಮೇಲ್ವಿಚಾರಕರಿಗೆ ತಾವೇ ಕರೆ ಮಾಡಿದರು. ಆ ಇಪ್ಪತ್ತು ಬಾಕ್ಸುಗಳನ್ನು ಯಾರೂ ತೆರೆಯಬಾರದು, ನಾನು ಬರುವವರೆಗೆ ಬೀಗ ಹಾಕಿಡಿ ಎಂದು ಹೇಳಿ, ಊಟವನ್ನೂ ಮಾಡದೆ ಕಾರು ಹತ್ತಿದರು. ನಾನು ಕಚೇರಿಗೆ ಬಂದು ವರದಿ ಬರೆಯಲು ಕುಳಿತೆ.

ಮೊದಲ ಸಾಲಿನಲ್ಲೇ ಬರೆದೆ: ಗುಂಡಿನ ವೇಗ ಅಳೆಯಲಿಲ್ಲ, ಅಳೆಯದೆ ಮುಂದುವರಿಯುವ ನಿರ್ಧಾರ ನನ್ನದು, ಏಳನೆಯ ಓದು ಅಸಿಂಧು. ಲಾಸ್ ಕೊಲಿನಾಸ್‌ನಿಂದ ನಮ್ಮ ವ್ಯವಸ್ಥಾಪಕಿ ಫೋನ್ ಮಾಡಿ, ಆ ಸಾಲು ಅಷ್ಟು ಮೇಲೆ ಬರಲೇಬೇಕಾ ಎಂದು ಕೇಳಿದರು. ಬರಲೇಬೇಕು ಎಂದೆ. ನನಗೆ ಲಿಖಿತ ಎಚ್ಚರಿಕೆ ಕೊಡಬೇಕಾಗುತ್ತದೆ ಎಂದರು. ಕೊಡಿ ಎಂದೆ. ಕೊಟ್ಟರು.

ಸಂಜೆ ಐದರ ಸುಮಾರಿಗೆ ಬಸವರಾಜ್ ಕರೆ ಬಂತು. ಅವರೂ ಮೇಲ್ವಿಚಾರಕರೂ ಸೂಕ್ಷ್ಮ ತಕ್ಕಡಿಯಲ್ಲಿ ಒಂದೊಂದೇ ಕಾಡತೂಸು ತೂಗಿ, ಹಗುರ ಬಂದವನ್ನು ಪಕ್ಕಕ್ಕಿಟ್ಟು, ಗುಂಡು ಬಿಚ್ಚಿ ನೋಡಿದ್ದರು.

"ಎರಡರಾಗ ಮದ್ದs ಇಲ್ರಿ ಅಕ್ಕಾರ," ಎಂದರು. "ಎರಡೂ ಒಂದs ಬಾಕ್ಸಿನ್ಯಾಗ." "ಸರ್ಟಿಫಿಕೇಟ್ ಮಾತ್ರ ಭಾಳ ಚಂದ ಐತ್ರಿ" ಎಂದು ಫೋನಿಟ್ಟರು.

ಪ್ರದರ್ಶನ ಮೂರು ವಾರ ಮುಂದಕ್ಕೆ ಹೋಯಿತು. ಬಸವರಾಜ್ ಕೆಲಸ ಹೋಗಲಿಲ್ಲ, ಆದರೆ ಆ ಉತ್ಪನ್ನದ ತಂಡದಿಂದ ಅವರನ್ನು ತೆಗೆದುಹಾಕಿದರು. ವರ್ಷದೊಳಗೆ ಬೇರೆ ಕಂಪನಿಗೆ ಶಿಫ್ಟ್ ಆದರು. ಅವರ ಮಗಳ ಹೆಸರಿಡುವ ದಿನ ಹ್ಯೂಸ್ಟನ್ನಿಗೆ ಹೋಗಿ ಊಟ ಮಾಡಿ ಬಂದೆ. ಬೇರೆ ಕಾಡತೂಸು ತರಿಸಿ ಸಪ್ರೆಸರಿನ ಪರೀಕ್ಷೆ ಮತ್ತೆ ನಡೆಸಿದಾಗ ಹತ್ತು ಹೊಡೆತದ ಸರಾಸರಿ ನೂರ ಇಪ್ಪತ್ತಾರು ಬಂತು. ಅದೇ ಅಂಕಿ ಬ್ರೋಷರಿಗೆ ಹೋಯಿತು. ವೇಡ್ ಎರಡು ವಾರ ಬರಲಿಲ್ಲ. ಬಂದ ದಿನ, ಪ್ರತಿ ಹೊಡೆತಕ್ಕೂ ನಾನು ಕೈ ಎತ್ತಿದ ಮೇಲೆಯೇ ಹೊಡೆಯುತ್ತೇನೆ ಎಂದು ಷರತ್ತು ಹಾಕಿದರು. ಇಂದಿಗೂ ಹಾಗೇ ನಡೆಯುತ್ತಿದೆ.

ಇಷ್ಟು ವರ್ಷದ ವೃತ್ತಿಯಲ್ಲಿ ಕೆಟ್ಟ ಅಂಕಿಗಳನ್ನು ನಾನು ಯಾವತ್ತೂ ಸುಮ್ಮನೆ ಒಪ್ಪಿದವಳಲ್ಲ. ಕೇಬಲ್ ಎಳೆದು ನೋಡಿ, ಮೈಕ್ ಬದಲಿಸಿ, ಮತ್ತೆ ಅಳೆಯುತ್ತಿದ್ದೆ. ಎಲ್ಲರಿಗೂ ಬೇಕಾದ ಅಂಕಿ ಬಂದಾಗ ಮಾತ್ರ ಯಾರೂ ಕೇಬಲ್ ಮುಟ್ಟುವುದಿಲ್ಲ ಎಂಬುದು ಆ ದಿನದವರೆಗೆ ನನಗೆ ಹೊಳೆದಿರಲಿಲ್ಲ. ಅದಾದ ಮೇಲೆ ನಮ್ಮ ದಾಖಲೆಯ ಹಾಳೆಯಲ್ಲಿ, ಸಹಿಯ ಮೇಲೆ ಒಂದು ಸಾಲು ಸೇರಿಸಿದೆ: "ಇಂದು ಮಾಡದೆ ಬಿಟ್ಟದ್ದೇನು?" ಹೊಸದಾಗಿ ಸೇರಿದ ಎಂಜಿನಿಯರುಗಳು ಅದನ್ನು ಖಾಲಿ ಬಿಟ್ಟರೆ ನಾನು ಹಾಳೆ ವಾಪಸು ಕೊಡುತ್ತೇನೆ. ಏನೂ ಬಿಟ್ಟಿಲ್ಲ ಎಂದಾದರೆ ಹಾಗೆಂದು ತಮ್ಮ ಕೈಯಾರೆ ಬರೆಯಬೇಕು. ಬರೆಯುವ ಮುನ್ನ ಹೆಚ್ಚಿನವರು ಪೆನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಯೋಚಿಸುತ್ತಾರೆ. ಕೆಲವರು ಎದ್ದು ರೇಂಜಿಗೆ ವಾಪಸು ಹೋಗುತ್ತಾರೆ.