ಬಾಣಂತಿಯೇ ಖುದ್ದು ಬರಬೇಕು

ಬೀಸುವ ಕಲ್ಲಿನ ಬಾಯಿಗೆ ಜೋಳ ಸುರಿಯುವ ಮುಂಚೆ ಒಂದು ಹಿಡಿ ತೆಗೆದು ಪಕ್ಕದ ಗಡಿಗೆಗೆ ಹಾಕುವುದು ನಮ್ಮ ಮನೆಯಲ್ಲಿ ಹಿಂದಿನಿಂದ ನಡೆದುಬಂದದ್ದು. ಮೊದಲು ಆ ಕಾಳು ಮಠಕ್ಕೆ ಹೋಗುತ್ತಿತ್ತು. ಈಗ ನಾಲ್ಕು ವರ್ಷದಿಂದ ಸಂಘಕ್ಕೆ ಹೋಗುತ್ತದೆ. ಶಿವನಿಗೆ ಹಸಿವಿಲ್ಲ, ಕೂಸುಗಳಿಗಿದೆ ಎಂದು ಮಠದ ಅಯ್ಯನವರೇ ಒಪ್ಪಿದ್ದರಿಂದ ನನ್ನ ಮನಸ್ಸಿಗೂ ಅಳುಕಿಲ್ಲ. ಹಿಡಿ ಎಂದರೆ ಎಲ್ಲ ಹೆಂಗಸರದೂ ಒಂದೇ ಅಳತೆ ಎಂದು ನೀವು ತಿಳಿದಿದ್ದರೆ ಒಮ್ಮೆ ನಮ್ಮ ಕಡೆಯ ಅಡುಗೆಮನೆಗಳಲ್ಲಿ ನಿಂತು ನೋಡಬೇಕು. ದೇವದುರ್ಗದಲ್ಲಿ ನನ್ನ ಅವ್ವ ಹಿಡಿ ಎತ್ತಿದರೆ ಬೆರಳಿನ ಸಂದಿಯಿಂದ ಕಾಳು ಉದುರುತ್ತಿತ್ತು. ರಾಯಚೂರಿನ ನನ್ನ ಅತ್ತೆಯ ಹಿಡಿ ಬಿಗಿ, ಒಂದು ಕಾಳೂ ಆಚೀಚೆ ಆಗದು, ಆದರೆ ಜ್ವರ ಬಂದ ದಿನವೂ ತಪ್ಪದು. ನನ್ನದು ಮಾತ್ರ ಸಿಟ್ಟು ಬಂದ ದಿನ ದೊಡ್ಡದಾಗುತ್ತದೆ. ಈ ಮೂರು ತಿಂಗಳಿಂದ ನಮ್ಮ ಗಡಿಗೆ ವಾರ ತುಂಬುವ ಮೊದಲೇ ತುಂಬುತ್ತಿದೆ. ಅದರ ಕಾರಣವನ್ನು ಇಲ್ಲಿ ಹೇಳಿಕೊಳ್ಳುತ್ತೇನೆ.

ಸಂಘ ಎಂದರೆ ದೊಡ್ಡದೇನೂ ಅಲ್ಲ. ದೂರದಲ್ಲೆಲ್ಲೋ ಯುದ್ಧ, ಇಲ್ಲಿ ನಮ್ಮ ಕಣದ ಜೋಳ ಸರ್ಕಾರದ ಲೆವಿಗೆ, ಸೀಮೆಎಣ್ಣೆಗೆ ಪಾಳಿ. ಇಂಥ ದಿನಗಳಲ್ಲಿ ನಮ್ಮ ಓಣಿಯ ಹನ್ನೆರಡು ಮನೆಯ ಹೆಂಗಸರು ಹಿಡಿಜೋಳ ಕೂಡಿಸಿ ಮಾಡಿಕೊಂಡ ವ್ಯವಸ್ಥೆ. ಇದನ್ನು ನೋಡಿಕೊಂಡು ಮಾನ್ವಿಯಲ್ಲಿ ನನ್ನ ತಂಗಿಯೂ ನೆರೆಹೊರೆಯವರನ್ನು ಕೂಡಿಸಿ ಅಲ್ಲೊಂದು ಶುರುಮಾಡಿದಳು. ಮೆಟ್ಟಿಲುಬಾವಿಯ ನೀರು ಕುಡಿದು ಕಾಲಿನಲ್ಲಿ ನಾರುಹುಣ್ಣು ಎದ್ದು ಬಿತ್ತುವ ಹೊತ್ತಿಗೆ ಹಾಸಿಗೆ ಹಿಡಿಯುವವರನ್ನು ಕಂಡು ಕಂಡು ಬೇಸತ್ತು, ಮೊದಲ ವರ್ಷ ಮನೆಮನೆಗೆ ದಟ್ಟ ಬಟ್ಟೆ ಹಂಚಿ, ನಾಲ್ಕು ಮಡಿಕೆ ಮಾಡಿ ನೀರು ಸೋಸಿ ಕುಡಿಯಿರಿ ಎಂದು ಹೇಳಿಬಂದೆವು. ಎರಡನೆಯ ವರ್ಷ ಸೂಲಗಿತ್ತಿಯರನ್ನು ಕೂಡಿಸಿ ಕತ್ತರಿ ಕುದಿಸುವುದನ್ನು ಹೇಳಿಕೊಟ್ಟೆವು. ಮಧ್ಯಾಹ್ನ ಊಟದ ಮೇಲೆ ನಮ್ಮ ಅಂಗಳದ ಬೇವಿನ ಕೆಳಗೆ ಹುಡುಗಿಯರಿಗೆ ಕನ್ನಡ ಅಕ್ಷರ. ಕಚೇರಿ, ಶಾಲೆ ಎಲ್ಲ ಉರ್ದುವಿನಲ್ಲಿರುವ ಊರಿನಲ್ಲಿ ತನ್ನ ಹೆಸರನ್ನು ತನ್ನ ಮಾತಿನಲ್ಲಿ ಬರೆಯಲು ಬಂದರೆ ಸಾಕೆಂದು ನಾನೇ ಕಲಿಸುತ್ತಿದ್ದೆ. ನನಗೆ ಬರುವುದೂ ಕನ್ನಡದ ಓದುಬರಹವಷ್ಟೇ. ಅಷ್ಟಾದರೂ ಬರುವಂತೆ ಮಾಡಿದ ಅಪ್ಪನನ್ನು ದಿನವೂ ಲಿಂಗಪೂಜೆಯಲ್ಲಿ ನೆನೆಯುತ್ತೇನೆ. ಮೂರನೆಯ ವರ್ಷ ಬಾಣಂತಿಯರ ಪೊಟ್ಟಣ ಶುರುವಾಯಿತು: ಒಂದಿಷ್ಟು ಬೆಲ್ಲ, ಒಣಕೊಬ್ಬರಿ, ಅಂಟು, ಸಜ್ಜಕಕ್ಕೆ ಗೋಧಿ ರವೆ, ಬಾಳೆಲೆಯಲ್ಲಿ ಸುತ್ತಿದ ಪುಟ್ಟ ಕುಡಿಕೆಯಲ್ಲಿ ತುಪ್ಪ. ಕೂಲಿ ಮಾಡಿ ಉಣ್ಣುವ ಮನೆಯಲ್ಲಿ ಹಡೆದವಳಿಗೆ ಇಷ್ಟು ಮುಟ್ಟಿದರೆ ಕೂಸಿಗೆ ಎದೆಹಾಲು ನಿಲ್ಲುತ್ತದೆ.

ಕಾಳು ಹೆಚ್ಚಾದಂತೆ ಇಡಲು ಜಾಗ ಬೇಕಾಯಿತು. ನನ್ನ ಮಾವನವರ ಅಣ್ಣನ ಮಗನಾಗಬೇಕಾದ ಸಾಹುಕಾರರೊಬ್ಬರು ತಮ್ಮ ಗಿರಣಿಯಲ್ಲಿ ಒಂದು ಕೋಣೆ ಬಿಟ್ಟುಕೊಟ್ಟರು. ಅದು ಪುಣ್ಯದ ಕೆಲಸ, ಅಲ್ಲಗಳೆಯುವುದಿಲ್ಲ. ಇಲಿಗೆ ಸಿಗದಂತೆ ಕಾಳು ಉಳಿಯಿತು. ಆದರೆ ಕೋಣೆಯ ಜೊತೆಗೆ ಅದರ ಬೀಗ ಬಂತು, ಬೀಗದ ಜೊತೆಗೆ ಲೆಕ್ಕ ಬರೆಯುವ ಒಬ್ಬ ಮುನ್ಷಿ ಬಂದ, ಮುನ್ಷಿಯ ಜೊತೆಗೆ ಒಂದು ವಹಿ ಬಂತು, ಮತ್ತೆ ಕೆಲವು ದಿನಕ್ಕೆ ಸಾಹುಕಾರರೇ ನಮ್ಮ ಸಂಘದ ಅಧ್ಯಕ್ಷರಾಗಿದ್ದರು. ಯಾರು ಆರಿಸಿದರೋ ನನಗೆ ನೆನಪಿಲ್ಲ. ನಾವೆಲ್ಲ ಅವರ ಪಡಸಾಲೆಯ ಬಾಗಿಲ ಹಿಂದೆ ಸೆರಗು ಹೊದ್ದು ಕುಳಿತಿದ್ದೆವು, ಚಹಾ ಬಂತು, ಕುಡಿದೆವು.

ಆ ಬಾಗಿಲ ಹಿಂದೆಯೇ ಒಂದು ದಿನ ಹೊಸ ನಿಯಮ ಕೇಳಿದೆವು. ಯಾರೋ ಒಬ್ಬಾಕೆ ತೆವಳುವ ಕೂಸನ್ನು ತೋರಿಸಿ, ನಿನ್ನೆ ಹಡೆದೆನೆಂದು ಎರಡನೆಯ ಸಲ ಪೊಟ್ಟಣ ಒಯ್ದಿದ್ದಳಂತೆ. ಆದ್ದರಿಂದ ಇನ್ನು ಮೇಲೆ ಬಾಣಂತಿಯೇ ಖುದ್ದು ಬರಬೇಕು, ಹೆರಿಗೆಯಾದ ಹತ್ತು ದಿನದೊಳಗೆ ಬರಬೇಕು, ಬಂದು ವಹಿಯಲ್ಲಿ ಹೆಬ್ಬೆಟ್ಟು ಒತ್ತಬೇಕು.

ಓದುವ ಅಕ್ಕತಂಗಿಯರೇ, ನಿಮಗೆ ಆಗಲೇ ಗೊತ್ತಾಗಿರಬೇಕು. ಇಪ್ಪತ್ತೊಂದನೆಯ ದಿನ ಬಾವಿಗೆ ಹೋಗಿ ಗಂಗೆಯ ಪೂಜೆ ಮಾಡುವವರೆಗೆ ನಮ್ಮ ಕಡೆ ಬಾಣಂತಿ ಹೊಸ್ತಿಲು ದಾಟುವುದಿಲ್ಲ. ಕಿವಿಗೆ ಅರಳೆ ಇಟ್ಟು, ತಲೆಗೆ ಬಟ್ಟೆ ಕಟ್ಟಿ, ಗಾಳಿ ತಾಗದ ಮೂಲೆಯಲ್ಲಿ ಹೊರಸಿನ ಕೆಳಗೆ ಕೆಂಡ ಇಟ್ಟುಕೊಂಡು ಮಲಗಿರುತ್ತಾಳೆ. ಗಂಡಸರು ಈ ಮೂಲೆಯ ಕಡೆ ಸುಳಿಯುವುದಿಲ್ಲವಾದ್ದರಿಂದ ಸಾಹುಕಾರರಿಗೆ ಹೊಳೆಯದೆ ಹೋದದ್ದನ್ನು ಕ್ಷಮಿಸಬಹುದು. ಆದರೆ ಬಾಗಿಲ ಹಿಂದೆ ಕುಳಿತ ನಾವು ಹನ್ನೆರಡು ಮಂದಿ? ಎಲ್ಲರೂ ಹಡೆದವರು, ಎಲ್ಲರೂ ಆ ಮೂಲೆಯಲ್ಲಿ ಬೆವರಿ ಎದ್ದವರು. ನಾವೂ ತಲೆಯಾಡಿಸಿದೆವು. ಹಿರಿಯರು ಮಾತಾಡುವಾಗ ಸೊಸೆಯಂದಿರು ತಲೆಯಾಡಿಸುವುದು ನಮಗೆ ಎಷ್ಟು ರೂಢಿಯೆಂದರೆ, ಏನಕ್ಕೆ ಆಡಿಸುತ್ತಿದ್ದೇವೆಂದು ಕೇಳಿಕೊಳ್ಳುವುದನ್ನೇ ಮರೆತಿದ್ದೆವು.

ಮುಂದಿನ ಎರಡು ತಿಂಗಳು ಪೊಟ್ಟಣಕ್ಕೆ ಒಬ್ಬರೂ ಬರಲಿಲ್ಲ. ಕಳ್ಳ ಬಾಣಂತಿಯರೆಲ್ಲ ನಿಂತರೆಂದು ಸಾಹುಕಾರರು ಹಿಗ್ಗಿನಿಂದ ಹೇಳಿದರು. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ. ಕೋಣೆಯಲ್ಲಿ ಬೆಲ್ಲ ಕರಗಿ ನೊಣ ಮುತ್ತುತ್ತಿತ್ತು, ತುಪ್ಪ ಕಮಟು ವಾಸನೆ ಹೊಡೆಯುತ್ತಿತ್ತು, ಊರ ತುಂಬ ಹಸಿ ಬಾಣಂತಿಯರು ಬರೀ ಖಾರದ ನೀರಿನಲ್ಲಿ ಮುದ್ದೆ ಅದ್ದಿ ಉಣ್ಣುತ್ತಿದ್ದರು, ಮತ್ತು ನಾವು ಗೆದ್ದೆವೆಂದು ಚಹಾ ಕುಡಿದೆವು.

ಮೂರನೆಯ ತಿಂಗಳು ಒಬ್ಬಳು ಬಂದಳು. ಊರ ಹೊರಗಿನ ಕೇರಿಯ ದುರ್ಗವ್ವ, ಹದಿನೇಳರ ಹುಡುಗಿ, ಶೇಂಗಾ ಗಿರಣಿಯಲ್ಲಿ ಕಾಯಿ ಬಿಡಿಸುವ ಕೂಲಿ, ನನ್ನ ಬೇವಿನ ಕೆಳಗಿನ ಓದಿನಲ್ಲಿ ಎಲ್ಲರಿಗಿಂತ ಮುಂದು. ಬಸುರಿಯಾದ ಎಂಟನೆಯ ತಿಂಗಳವರೆಗೂ ಪಾಟಿ ಹಿಡಿದು ಬಂದವಳು. ಉಳಿದ ಹುಡುಗಿಯರಿಂದ ನಾಲ್ಕು ಮಾರು ದೂರ ಅವಳನ್ನು ಕೂಡಿಸುತ್ತಿದ್ದೆ. ಯಾಕೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಇದನ್ನು ಮುಚ್ಚಿಟ್ಟು ಬೇರೆಯವರ ತಪ್ಪು ಬರೆದರೆ ಶಿವ ಮೆಚ್ಚುವುದಿಲ್ಲ.

ಆ ದಿನ ಗಡಿಗೆಯ ಕಾಳು ಹಾಕಿಸಲೆಂದು ನಾನು ಗಿರಣಿಗೆ ಹೋದಾಗ ನೆತ್ತಿಯ ಮೇಲೆ ಹೊತ್ತು. ರಾಯಚೂರಿನ ಬಿಸಿಲು ನಿಮಗೆ ಗೊತ್ತಿರಬೇಕು, ಕೋಟೆಯ ಕಲ್ಲು ಸಂಜೆಯವರೆಗೂ ಕೈ ಇಡಗೊಡುವುದಿಲ್ಲ. ಆ ಬಿಸಿಲಿನಲ್ಲಿ ಗಿರಣಿಯ ಗೋಡೆಗೆ ಒರಗಿ, ತಲೆಗೆ ಬಟ್ಟೆ ಬಿಗಿದು, ಕಿವಿಯಲ್ಲಿ ಅರಳೆ ಇಟ್ಟುಕೊಂಡು, ಒಂಬತ್ತು ದಿನದ ಕೂಸನ್ನು ಸೆರಗಿನೊಳಗೆ ಅವಚಿಕೊಂಡು ಅವಳು ಕುಳಿತಿದ್ದಳು. ಮುಂಜಾನೆ ಬಂದವಳಂತೆ. ಅತ್ತೆಯೊಂದಿಗೆ ಜಗಳ ಮಾಡಿ ಬಂದಳಂತೆ. ಹಾಲು ಸಾಲದೆ ಕೂಸು ಅಳುವುದನ್ನು ನೋಡಲಾರದೆ ಹೊಸ್ತಿಲು ದಾಟಿದ್ದಳು. ಮುಂಜಾನೆಯೇ ಬಂದವಳು ಇನ್ನೂ ಯಾಕೆ ಕುಳಿತಿದ್ದೀ ಎಂದು ಕೇಳಿದೆ.

"ಹೆಬ್ಬೆಟ್ಟು ಒತ್ತು ಅಂದ್ರರೀ ಮುನ್ಷಿ. ನಂಗ ಸಹಿ ಮಾಡಾಕ ಬರ್ತದ ಅಂದೆ. ವಹಿಯಾಗ ಹೆಬ್ಬೆಟ್ಟಿಗಷ್ಟೇ ಜಾಗ ಅದ, ಸಾವ್ಕಾರ್ರು ಊಟ ಮಾಡಿ ಬರಲಿ, ಕೇಳ್ತೀನಿ ಅಂದ್ರು."

"ಹುಚ್ಚಿ, ಒತ್ತಿ ಹೋಗಬಾರದೇನು? ಕೂಸಿನ ಮಾರಿ ನೋಡು."

ಅವಳು ಕೂಸಿನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದಳು. "ನೀವ ಕಲಿಸೀರಲ್ಲ ಅವ್ವಾರ," ಎಂದಳು. "ನಿಮ್ಮ ಸಂಘದಾಗ ಬಂದು ಹೆಬ್ಬೆಟ್ಟು ಒತ್ತಿದ್ರ, ನಾ ಕಲಿತದ್ದು ಎಲ್ಲಿ ಹೇಳ್ಕೊಳ್ಳಲಿ?"

ಒಂದೇ ಸಂಘ ಬಲಗೈಯಿಂದ ಬಳಪ ಕೊಟ್ಟು ಎಡಗೈಯಿಂದ ಮಸಿ ಹಚ್ಚುತ್ತಿತ್ತು, ಮತ್ತು ಎರಡು ಕೈಗಳೂ ನಮ್ಮವೇ ಎಂಬುದು ನಮಗೆ ತಿಳಿದಿರಲಿಲ್ಲ. ನಾನು ಒಳಗೆ ಹೋಗಿ ಮುನ್ಷಿಗೆ ಏನೇನು ಅಂದೆನೋ, ಬರೆಯುವಂಥದ್ದಲ್ಲ. ಅವನು ಬಡಪಾಯಿ, ವಹಿಯನ್ನು ಹೊರಗೆ ತಂದು ಹಿಡಿದ. ದುರ್ಗವ್ವ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಹೆಬ್ಬೆಟ್ಟಿನ ಆ ಇಕ್ಕಟ್ಟು ಜಾಗದಲ್ಲಿ ತನ್ನ ಹೆಸರನ್ನು ಬರೆದಳು. ಕೊನೆಯ ಒತ್ತಕ್ಷರ ಕೆಳಗಿನ ಸಾಲಿನವಳ ಹೆಬ್ಬೆಟ್ಟಿಗೆ ಮೀಸಲಾದ ಜಾಗಕ್ಕೆ ಇಳಿಯಿತು. ಪೊಟ್ಟಣ ಹಿಡಿದು ನಾನು ಅವಳ ಹಿಂದೆ ಕೇರಿಯ ಅಂಚಿನವರೆಗೆ ನಡೆದೆ, ಅಲ್ಲಿ ಅದನ್ನು ಅವಳ ಕೈಗೆ ಕೊಟ್ಟು ತಿರುಗಿಬಂದೆ. ಇನ್ನು ನೂರು ಹೆಜ್ಜೆ ಇತ್ತು ಅವಳ ಮನೆಗೆ. ಆ ನೂರು ಹೆಜ್ಜೆ ನಾನು ಹೋಗಲಿಲ್ಲ.

ಎರಡು ದಿನಕ್ಕೆ ಸುದ್ದಿ ಬಂತು: ದುರ್ಗವ್ವನಿಗೆ ಜ್ವರ ಏರಿದೆ, ಎದೆ ಕಲ್ಲಾಗಿದೆ, ಕೂಸಿಗೆ ಅರಳೆಯ ಬತ್ತಿಯಲ್ಲಿ ಆಡಿನ ಹಾಲು ಹಿಂಡುತ್ತಿದ್ದಾರೆ. ನಾನು ಪೂಜೆಗೆ ಕುಳಿತರೆ ಕಣ್ಣು ಮುಚ್ಚಲಾಗಲಿಲ್ಲ. ಕಣ್ಣು ಮುಚ್ಚಿದರೆ ಆ ಗೋಡೆ, ಆ ಬಿಸಿಲು. ಅವಳಿಗೇನಾದರೂ ಆದರೆ ಅದು ವಿಧಿಯ ಬರಹವಲ್ಲ, ನಾವು ತಲೆಯಾಡಿಸಿ ಬರೆದ ಬರಹ. ಮಾನ್ವಿಯಿಂದ ಬಂದ ಚಕ್ಕಡಿಯವನ ಕೈಯಲ್ಲಿ ತಂಗಿಗೆ ಹೇಳಿಕಳಿಸಿದೆ, ನಿಮ್ಮಲ್ಲಿ ಹೇಗೆ ಮಾಡುತ್ತೀರಿ ಎಂದು. ಬುಟ್ಟಿ ಹೊತ್ತು ನಾವೇ ಹೋಗುತ್ತೇವೆ, ಕೂಸನ್ನೂ ನೋಡಿಬಂದಂತಾಗುತ್ತದೆ, ಅದಕ್ಕೆ ನಿಯಮ ಯಾಕೆ ಬೇಕು ಎಂದು ಅವಳಿಂದ ಉತ್ತರ ಬಂತು. ಮಾನ್ವಿಯ ಸಂಘಕ್ಕೆ ಯಾವ ಸಾಹುಕಾರರೂ ಇನ್ನೂ ಕೋಣೆ ಕೊಟ್ಟಿಲ್ಲ, ಶಿವನ ದಯೆ.

ಸೋಮವಾರ ಸಾಹುಕಾರರ ಪಡಸಾಲೆಯಲ್ಲಿ ಕೂಡಿದಾಗ ನಾನು ಬಾಗಿಲ ಹಿಂದೆ ಅತ್ತೆಯ ಪಕ್ಕದಿಂದ ಎದ್ದು ಬಾಗಿಲಲ್ಲಿ ನಿಂತೆ. ಸೆರಗು ತಲೆಯ ಮೇಲೇ ಇತ್ತು.

"ಭಾವನವರ," ಎಂದೆ, "ನಿಮ್ಮ ಸೊಸಿ ಹಡದು ಇನ್ನೂ ತಿಂಗಳಾಗಿಲ್ಲ. ಆಕೀನ ಒಂಬತ್ತನೇ ದಿನ ಬಿಸಲಾಗ ಗಿರಣಿಗೆ ಕಳಸಿದ್ರೇನು?"

"ಆ ಮಾತು ಬ್ಯಾರೆ ತಂಗಿ," ಎಂದರು ಅವರು.

"ಎದಕ್ಕ ಬ್ಯಾರೆ?"

ಸಾಹುಕಾರರು ಕೆಟ್ಟವರಲ್ಲ. ಎಲೆಅಡಿಕೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ದುರ್ಗವ್ವನ ಸಂಗತಿಯನ್ನೆಲ್ಲ ಹೇಳಿದೆ, ಕೇಳಿಸಿಕೊಂಡರು. ಆಮೇಲೆ ನಾನು ಎಣಿಸದಿದ್ದ ಕಡೆಯಿಂದ ಏಟು ಕೊಟ್ಟರು. "ನಿಯಮ ತೆಗದು ಹಾಕೂನು, ಅದೇನು ದೊಡ್ಡ ಮಾತಲ್ಲ. ಆದ್ರ ಪೊಟ್ಣಾ ತಗೊಂಡು ಕೇರಿಯೊಳಗ ಹೋಗೋರು ಯಾರು? ಹೇಳ್ರಿ, ಯಾವ ಮನಿ ಸೊಸಿನ್ನ ಕಳಸ್ತೀರಿ?"

ಹನ್ನೆರಡು ಹೆಂಗಸರು ತಮ್ಮ ತಮ್ಮ ಕಾಲುಂಗುರ ನೋಡಿಕೊಂಡರು. ಬಿಸಿಲಿನ ಆ ದಿನಕ್ಕಿಂತ ನನಗೆ ಹೆಚ್ಚು ಸಿಟ್ಟು ಬಂದದ್ದು ಈ ಗಳಿಗೆಯಲ್ಲಿ. ಕಳ್ಳತನದ ಮಾತು ಬರೀ ನೆಪ. ಬಾಣಂತಿ ನಮ್ಮ ಕಡೆ ನಡೆದು ಬರಬೇಕೆಂದರೆ ನಾವು ಅವಳ ಕಡೆ ನಡೆಯುವುದು ತಪ್ಪುತ್ತಿತ್ತು, ಅದಕ್ಕೇ ಎಲ್ಲರ ತಲೆಯೂ ಅಷ್ಟು ಸಲೀಸಾಗಿ ಆಡಿತ್ತು. ಹಿಡಿ ಬಿಚ್ಚಿ ಕಾಳು ಕೊಡುವುದು ಸುಲಭ, ಕಾಲು ಕಿತ್ತು ಹೆಜ್ಜೆ ಇಡುವುದು ಕಷ್ಟ. ಹೋಗುತ್ತೇನೆ ಎಂದು ನಾನಾದರೂ ಅನ್ನಬೇಕಿತ್ತು. ಆದರೆ ಅತ್ತೆ ಪಕ್ಕದಲ್ಲೇ ಇದ್ದರು. ಮಡಿ, ಆಚಾರ ಎಂದರೆ ಪ್ರಾಣ ಬಿಡುವವರು. ಅವರ ಅಪ್ಪಣೆಯಿಲ್ಲದೆ ನಮ್ಮ ಮನೆಯಲ್ಲಿ ಹಾಲು ಹೆಪ್ಪಾಗುವುದಿಲ್ಲ.

ಆಗ ಅತ್ತೆ ಮೊಣಕಾಲ ಮೇಲೆ ಕೈಯೂರಿ ಎದ್ದರು.

"ನನ್ನ ಸೊಸಿ ಹೋಗ್ತಾಳ," ಎಂದರು. "ಈಗ ಗೊತ್ತಾತಲ್ಲ, ಆಕಿಗೆ ಇಷ್ಟುದ್ದ ಬಾಯಿ ಅದ. ಕಾಲೂ ಇರಬೇಕು."

ಮೊದಲು ನಕ್ಕವರು ಸಾಹುಕಾರರೇ. ಮನೆಗೆ ಬಂದ ಮೇಲೆ ಅತ್ತೆ, ಕೇರಿಯಿಂದ ಬಂದಾಗ ಹಿತ್ತಲಲ್ಲಿ ಸ್ನಾನ ಮಾಡಿಯೇ ಒಳಗೆ ಬರಬೇಕೆಂದು ಮಾತ್ರ ಖಡಾಖಂಡಿತ ಹೇಳಿ, ಕುಡಿಕೆಗೆ ಹೊಸದಾಗಿ ಕಾಸಿದ ತುಪ್ಪವನ್ನು ತಾವೇ ತುಂಬಿಕೊಟ್ಟರು. ಇದೂ ಒಂದು ದಯೆ ಎಂದು ಎಣಿಸಿಕೊಳ್ಳುತ್ತೇನೆ, ಅರ್ಧ ದಯೆಯಾದರೂ. ಈಗ ಸಾಹುಕಾರರು ಊರಿಗೆ ಬಂದ ಹಿರಿಯರೆದುರು, ನಮ್ಮ ಸಂಘ ಮನೆಬಾಗಿಲಿಗೇ ಪೊಟ್ಟಣ ಮುಟ್ಟಿಸುತ್ತದೆ ಎಂದು ಎದೆಯುಬ್ಬಿಸಿ ಹೇಳುತ್ತಾರೆ, ಹೇಳಿಕೊಳ್ಳಲಿ. ಎರಡು ತಿಂಗಳು ಬರೀ ಖಾರದ ನೀರು ಕುಡಿದ ಬಾಣಂತಿಯರ ಹೆಸರು ಯಾವ ವಹಿಯಲ್ಲೂ ಇಲ್ಲ. ಅವರ ಕೂಸುಗಳಲ್ಲಿ ಎಷ್ಟು ಉಳಿದವೋ ನಮಗೆ ಯಾರೂ ಹೇಳಿಲ್ಲ, ನಾವೂ ಕೇಳಲು ಹೋಗಿಲ್ಲ. ನನ್ನ ಸಿಟ್ಟು ಇಳಿಯದಿರುವುದು ಅದಕ್ಕೆ.

ಮರುದಿನ ಬುಟ್ಟಿ ಹಿಡಿದು ಹೋದೆ. ಅಂಚು ದಾಟಿದೆ, ಆ ನೂರು ಹೆಜ್ಜೆಯನ್ನೂ ನಡೆದೆ. ನಮ್ಮ ಓಣಿಗಿಂತ ಚೊಕ್ಕಟವಾಗಿ ಸಾರಿಸಿದ ಅಂಗಳ. ಹೊಸ್ತಿಲ ಮೇಲೆ ದುರ್ಗವ್ವನ ಅತ್ತೆ ಹನುಮವ್ವ ಕುಳಿತು ಶೇಂಗಾ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಗಡಬಡಿಸಿ ಎದ್ದು ಸೆರಗು ಹೊದ್ದಳು. ಜ್ವರ ಇಳಿದು ಎರಡು ದಿನವಾಯಿತಂತೆ. ಅಷ್ಟು ಕೇಳಿದ್ದೇ ತಡ, ನಾನು ಬಾಗಿಲ ಕಡೆ ಹೆಜ್ಜೆ ಹಾಕಿದೆ. ಹನುಮವ್ವ ಕೈ ಅಡ್ಡ ಹಿಡಿದಳು.

"ನಿಂದರ್ರಿ ಅವ್ವಾರ. ಬಿಸಲಾಗಿಂದ ಬಂದೀರಿ. ಕಾಲು ತೊಳಕೊಂಡು ಚೂರು ಹೊತ್ತು ಇಲ್ಲೇ ಕುಂದರ್ರಿ, ಮೈಮ್ಯಾಲಿನ ಗಾಳಿ ಇಳೀಲಿ. ಒಳಗ ಹಸಿ ಬಾಣಂತಿ ಅದಾಳ."

ಆ ಮಾತಿನಲ್ಲಿ ಕೊಂಕಿರಲಿಲ್ಲ. ಕೂಸಿರುವ ಮನೆಯ ಯಾವ ಅಜ್ಜಿಯಾದರೂ ಯಾರಿಗಾದರೂ ಹೇಳುವ ಮಾತು. ನನ್ನ ಬಾಣಂತನದಲ್ಲಿ ನನ್ನ ಅತ್ತೆ ಸಾಹುಕಾರರ ಹೆಂಡತಿಗೂ ಹೇಳಿದ್ದರು. ಚೆಂಬಿನಲ್ಲಿ ನೀರು ಕೊಟ್ಟಳು. ತೊಳೆದುಕೊಂಡೆ. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಅವಳ ಅಂಗಳದಲ್ಲಿ ಕುಳಿತೆ. ಒಳಗೆ ಕೂಸು ಅಳಲು ಶುರುಮಾಡಿತು, ಆ ಅಳು ಅರ್ಧಕ್ಕೇ ಥಟ್ಟನೆ ನಿಂತಿತು; ಎದೆ ಸಿಕ್ಕಿರಬೇಕು. ಹನುಮವ್ವ ಮತ್ತೆ ಶೇಂಗಾಕ್ಕೆ ಕೈ ಹಾಕಿದಳು. ಅವಳು ಕರೆಯುವವರೆಗೆ ನಾನು ಕುಳಿತೇ ಇದ್ದೆ.