ಕಳೆ ಕೀಳದ ತುಂಡು

ವಿಶ್ವವಿದ್ಯಾಲಯದ ಮಣ್ಣಿನ ವಿಭಾಗದ ಹಿಂದೆ ಒಂದು ತುಂಡು ನೆಲವಿತ್ತು. ಅಲ್ಲಿ ಉಳುವಂತಿಲ್ಲ, ಗೊಬ್ಬರ ಹಾಕುವಂತಿಲ್ಲ, ಕಳೆ ಕೀಳುವಂತಿಲ್ಲ. ಪಕ್ಕದ ತುಂಡುಗಳಲ್ಲೆಲ್ಲ ಬೆಳೆ, ಇದರಲ್ಲಿ ಕಾಡು. ಮನುಷ್ಯ ಕೈ ಹಾಕದಿದ್ದರೆ ಮಣ್ಣು ಏನಾಗುತ್ತದೆ ಎಂದು ನೋಡಲು ಯಾರೋ ಹಳೆಯ ಮೇಷ್ಟ್ರು ಬಿಟ್ಟಿದ್ದು. ಅದನ್ನು ಯಾರೂ ಮುಟ್ಟದಂತೆ ಕಾಯುವುದು ಅವಳ ಗಂಡನ ಕೆಲಸ. ಮದುವೆಯಾದಾಗಲೂ ಅದೇ, ಸಾಯುವಾಗಲೂ ಅದೇ.

"ಒಂದು ಎಮ್ಮೆ ಒಳಗೆ ಬಿಟ್ರೆ ಸಾಕು, ನಿನ್ನ ಸಂಶೋಧನೆ ಎಲ್ಲಾ ಅದರ ಹೊಟ್ಟೇಲಿ," ಎಂದು ಭಾವ ಹಂಗಿಸುತ್ತಿದ್ದರು. ಗಂಡ ನಗುತ್ತಿದ್ದ. ಆದರೆ ಊಟ ಬಿಟ್ಟು ಎದ್ದು ಬೇಲಿ ನೋಡಿ ಬರುತ್ತಿದ್ದ.

ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಅವನ ಕೆಲಸ ಅವಳಿಗೆ ಬಂತು. ಖಾಯಂ ಅಲ್ಲ, ಸದ್ಯಕ್ಕೆ ಅಂದರು.

ಆ ವರ್ಷವೇ ಸಮಿತಿ ಬರುವುದಿತ್ತು. ದೇಶದ ವಿಶ್ವವಿದ್ಯಾಲಯಗಳನ್ನೆಲ್ಲ ಸುತ್ತಿ ಸಂಶೋಧನೆಗೆ ದರ್ಜೆ ಕೊಡುವ ಸಮಿತಿ. ದರ್ಜೆ ಏರಿದರೆ ಹಣ, ಇಳಿದರೆ ಕಡಿತ. ಗೋಡೆಗೆ ಬಣ್ಣ ಬಂತು. ಶೌಚಾಲಯಕ್ಕೆ ಸಾಬೂನು ಬಂತು.

"ಅಕ್ಕಾ, ಒಂದೇ ಕಡೆ ನಿಲ್ಲಬೇಡ, ನಿಂಗೂ ಬಣ್ಣ ಬಳಿದುಬಿಡ್ತಾರೆ," ಅಂದಳು ಬೆರಳಚ್ಚು ಮಾಡುವ ಹುಡುಗಿ.

ವಿಭಾಗದ ಮುಖ್ಯಸ್ಥರು ಅವಳನ್ನು ಕರೆಸಿದರು.

"ಅಮ್ಮಾ, ಆ ಕಾಡನ್ನ ಇವತ್ತು ಸವರಿಬಿಡಿ."

"ಅದನ್ನ ಮುಟ್ಟಬಾರದಲ್ವಾ ಸಾರ್?"

"ಮುಟ್ಟಬಾರದು. ನಂಗೊತ್ತಿಲ್ವಾ? ಹೋದ ಸಲ ಬಂದೋರು ಆವರಣ ಪಾಳು ಬಿದ್ದಿದೆ ಅಂತ ಬರೆದು ಹೋದ್ರು. ಅವರು ಎಣಿಸೋದು ಪ್ರಬಂಧಗಳನ್ನ. ಈ ತುಂಡು ಹತ್ತು ವರ್ಷಕ್ಕೆ ಒಂದು ಪ್ರಬಂಧ ಕೊಟ್ರೆ ಹೆಚ್ಚು." ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ದರ್ಜೆ ಬಿದ್ರೆ ಮೊದಲು ಹೋಗೋದು ನಿಮ್ಮ ಕೆಲಸ. ಯೋಚನೆ ಮಾಡಿ."

ಅವಳು ಕುಡುಗೋಲು ಹಿಡಿದು ಹೋದಳು. ಬೇಲಿಯ ಸುತ್ತ ಅವನು ನಡೆದು ನಡೆದು ಸವೆದ ದಾರಿ ಇನ್ನೂ ಇತ್ತು. ಸವರಿದರೆ ಸಂಜೆಯೊಳಗೆ ಮುಗಿಯುತ್ತಿತ್ತು. ಅವನು ದುಡಿದದ್ದೂ ಅದರ ಜೊತೆಗೇ ಮುಗಿಯುತ್ತಿತ್ತು. ಮಕ್ಕಳಿರಲಿಲ್ಲ. ಅವನು ಬೇರೇನೂ ಬಿಟ್ಟು ಹೋಗಿರಲಿಲ್ಲ.

ವಾಪಸು ಬಂದು ಕುಡುಗೋಲನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟಳು.

"ನನ್ನ ಕೈಲಿ ಆಗಲ್ಲ ಸಾರ್. ಬೇರೆ ಯಾರಿಗಾದ್ರೂ ಹೇಳಿ."

ಅವರು ಯಾರಿಗೂ ಹೇಳಲಿಲ್ಲ. ಸುಸ್ತೋ, ನಾಚಿಕೆಯೋ, ಅವಳಿಗೆ ತಿಳಿಯಲಿಲ್ಲ.

ಸಮಿತಿ ಬಂತು. ಅದರಲ್ಲಿದ್ದ ಹೆಂಗಸೊಬ್ಬರು ಬೇಲಿಯ ಬಳಿ ನಿಂತು ಇದೇನು ಎಂದು ಕೇಳಿದರು. ಮುಖ್ಯಸ್ಥರು ವಿವರಿಸಿದರು. ಹೇಳುತ್ತಾ ಹೇಳುತ್ತಾ ಅವರ ದನಿ ಏರಿತು, ಕೈ ಆಡತೊಡಗಿತು.

"ಬಹಳ ಅಪರೂಪದ್ದು," ಅಂದರು ಆಕೆ. "ಈ ಅವಧಿಯಲ್ಲಿ ಇದರಿಂದ ಎಷ್ಟು ಪ್ರಬಂಧ ಬಂದಿದೆ?"

"ಒಂದು."

ಆಕೆ ಬರೆದುಕೊಂಡರು. ಎಲ್ಲರೂ ಚಹಾ ಕುಡಿಯಲು ಹೋದರು.

ದರ್ಜೆ ಇಳಿಯಿತು. ತಿಂಗಳ ಕೊನೆಯವರೆಗೆ ಬನ್ನಿ ಎಂದು ಮುಖ್ಯಸ್ಥರು ಅವಳಿಗೆ ಹೇಳಿದರು. ಹೇಳುವಾಗ ಕಿಟಕಿಯ ಕಡೆ ನೋಡುತ್ತಿದ್ದರು.

"ನಾನು ಸವರಿದ್ರೆ ಉಳೀತಿತ್ತಾ ಸಾರ್?"

"ಅದೊಂದಕ್ಕೆ ಬಿದ್ದಿದ್ದಲ್ಲಮ್ಮಾ."

ನಿಜವೋ ಸಮಾಧಾನವೋ, ಕೆದಕಲು ಅವಳಲ್ಲಿ ತ್ರಾಣವಿರಲಿಲ್ಲ.

"ಇನ್ನು ಅದನ್ನ ಯಾರು ನೋಡ್ಕೋತಾರೆ?"

"ನಾನೇ."

"ನಿಮಗೆ ಸೊಂಟನೋವು."

"ಕಳೆ ಕೀಳದೇ ಇರೋದಕ್ಕೆ ಸೊಂಟ ಯಾಕಮ್ಮಾ ಬೇಕು?"

ಇಬ್ಬರಿಗೂ ನಗು ಬರಲಿಲ್ಲ.

ತಿಂಗಳ ಕೊನೆಯವರೆಗೆ ಅವಳು ದಿನಾ ಬಂದಳು, ಬೇಲಿ ಸುತ್ತಿದಳು. ಕೊನೆಯ ದಿನ ಬೇಲಿಬಾಗಿಲ ಬೀಗದ ಕೈಯನ್ನು ಅವರಿಗೆ ಕೊಟ್ಟಳು. ಅವರು ಅದನ್ನು ಮೇಜಿನ ಖಾನೆಗೆ ಹಾಕಲಿಲ್ಲ. ಜೇಬಿನಿಂದ ತಮ್ಮ ಮನೆಯ ಬೀಗದ ಕೈಗೊಂಚಲು ತೆಗೆದು ಅದಕ್ಕೇ ಪೋಣಿಸಿದರು. ಪೋಣಿಸುವುದು ಮುಗಿಯುವವರೆಗೂ ಅವಳು ನಿಂತಿದ್ದು, ಆಮೇಲೆ ಹೊರಟಳು.