ಸುಶೀಲಕ್ಕನ ಡೇರೆ ಗಡ್ಡೆ

ಸುಶೀಲಕ್ಕನ ಹೂದೋಟ ನೋಡಲು ಹೋದವರು ಮಡಚಿದ ಕೊಡೆ ಹಿಡಿದು ಓಡಾಡುವಂತಿರಲಿಲ್ಲ. ಜಗಲಿಯಲ್ಲಿ ಬಿಚ್ಚಿಟ್ಟೇ ಅಂಗಳಕ್ಕೆ ಇಳಿಯಬೇಕು. "ಒಣಗ್ಲಿ ಬಿಡಿ" ಎನ್ನುತ್ತಿದ್ದರು. ಮಡಚಿದ ಕೊಡೆಯೊಳಗೆ ಗುಲಾಬಿ ಕಡ್ಡಿ ಇಳಿಸಿಕೊಂಡು ಹೋಗುವುದು ಸುಲಭ ಎಂಬುದು ನಿಜವಾದ ಕಾರಣ.

"ಕದ್ದು ತಂದ ಗಿಡ ಚೆನ್ನಾಗಿ ಬರ್ತದೆ ಅಂತಾರಲ್ಲ ಟೀಚರೇ, ಆ ಮಾತು ಹುಟ್ಟಿಸಿದವ್ರು ನಂಗೊಮ್ಮೆ ಸಿಗ್ಬೇಕಿತ್ತು" ಎಂದು ನನ್ನ ಕೈಚೀಲದ ಕಡೆ ನೋಡುತ್ತಿದ್ದರು.

ತೊಂಬತ್ತರ ದಶಕದಲ್ಲಿ ನಾನು ಮೂಡಿಗೆರೆ ಹತ್ತಿರದ ಶಾಲೆಗೆ ಟೀಚರಾಗಿ ಬಂದಾಗ ಬಾಡಿಗೆಗೆ ಸಿಕ್ಕಿದ್ದು ಅವರ ಪಕ್ಕದ ಮನೆ. ಅವರ ಯಜಮಾನರು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ಸುಶೀಲಕ್ಕನ ಅಂಗಳದಲ್ಲಿ ಶ್ರಾವಣದ ಹೊತ್ತಿಗೆ ಒಂದು ಡೇರೆ ಹೂ, ಅಂದರೆ ಡೇಲಿಯಾ, ಅರಳುತ್ತಿತ್ತು: ಊಟದ ತಟ್ಟೆಯಷ್ಟು ಅಗಲ, ಕಡುಗೆಂಪು ಎಸಳು, ತುದಿಯಲ್ಲಿ ಮಾತ್ರ ಬಿಳಿ. ಸುತ್ತಮುತ್ತ ಬೇರೆ ಯಾರ ಮನೆಯಲ್ಲೂ ಅದು ಇರಲಿಲ್ಲ.

ವಿಚಿತ್ರವೆಂದರೆ, ಕೇಳಿದವರಿಗೆಲ್ಲ ಅವರು ಅದರ ಗಡ್ಡೆ ಕೊಡುತ್ತಿದ್ದರು. ಯಾರಿಗೂ ಇಲ್ಲವೆಂದದ್ದೇ ಇಲ್ಲ. "ಕೊಡೋದು ನಾನು, ಕೈಗುಣ ನಿಮ್ದು" ಎಂದು ನಗುತ್ತಿದ್ದರು. ಯಾರ ಕೈಗುಣವೂ ನೆಟ್ಟಗಿರಲಿಲ್ಲ. ನಾನು ಎರಡು ವರ್ಷ ನೆಟ್ಟೆ. ಮೊದಲ ವರ್ಷ ನೀರು ಹೆಚ್ಚಾಯಿತೆಂದುಕೊಂಡೆ. ಎರಡನೆಯ ವರ್ಷ ಮಣ್ಣು ಏರಿಸಿ, ಒಣಸಗಣಿ ಹಾಕಿ, ಬಸವನಹುಳು ಬರದಂತೆ ಸುತ್ತ ಬೂದಿ ಎರಚಿದೆ. ದಿನಾ ಶಾಲೆಯಿಂದ ಬಂದವಳೇ ಬಗ್ಗಿ ನೋಡುತ್ತಿದ್ದೆ. ಕೊನೆಗೆ ಅಗೆದರೆ ಗಡ್ಡೆ ಕೊಳೆತು ಅಂಟಾಗಿತ್ತು.

ಮೂರನೆಯ ಬೇಸಿಗೆಯಲ್ಲಿ, ಪಾತ್ರೆಯೊಂದನ್ನು ಹಿಂದಿರುಗಿಸಲು ಹಿತ್ತಲ ಬಾಗಿಲಿಂದ ಹೋದೆ. ಸುಶೀಲಕ್ಕ ಮರಳಿನ ಬುಟ್ಟಿಯಿಂದ ಡೇರೆ ಗಡ್ಡೆ ತೆಗೆದು, ಒಂದೊಂದರ ಕುತ್ತಿಗೆಯನ್ನೂ ಚಾಕುವಿನಿಂದ ಕತ್ತರಿಸಿ, ಗಾಯಕ್ಕೆ ಬೂದಿ ಸವರಿ, ಕೊಡುವವರಿಗೆಂದು ಕಾಗದದಲ್ಲಿ ಸುತ್ತುತ್ತಿದ್ದರು. ಕತ್ತರಿಸಿದ ತುಂಡುಗಳಲ್ಲಿ ಸಣ್ಣ ಕೆಂಪು ಮೊಳಕೆಗಳಿದ್ದವು. ಡೇರೆ ಚಿಗುರುವ ಕಣ್ಣು ಇರುವುದೇ ಕುತ್ತಿಗೆಯಲ್ಲಿ ಎಂದು ನನಗೆ ತಿಳಿದದ್ದು ಆಗ.

ಅವರು ಚಾಕು ಕೆಳಗಿಡಲಿಲ್ಲ.

"ಎಲ್ರಿಗೂ ಹೇಳ್ತೀರಾ?"

"ಎಂಥಕ್ಕೆ ಹೀಗೆ ಮಾಡ್ತೀರಿ ಸುಶೀಲಕ್ಕ?"

"ಈ ಊರಿಗೆ ಬರೋಕೆ ಮೊದ್ಲು ಕಣ್ಣಿರೋದನ್ನೇ ಕೊಡ್ತಿದ್ದೆ. ನನ್ನ ಗೆಳತಿಯೊಬ್ಳು ತಗೊಂಡೋಗಿ, ಬೆಳೆಸಿ, ಹೂವಿನ ಪ್ರದರ್ಶನಕ್ಕಿಟ್ಟು ಬಹುಮಾನ ತಗೊಂಡ್ಳು. ಎಲ್ಲಿಂದ ತಂದ್ರಿ ಅಂತ ಯಾರೋ ಕೇಳಿದ್ರು. ತೌರುಮನೆದು ಅಂದ್ಳು. ನಾನು ಅಲ್ಲೇ ನಿಂತಿದ್ದೆ ಮಾರಾಯ್ತಿ. ಅವತ್ತಿಂದ ಯಾರನ್ನೂ ನಂಬಕಾಗಲ್ಲ."

ಅವರು ಬುಟ್ಟಿಯ ತಳದಿಂದ ಒಂದು ಇಡೀ ಗಡ್ಡೆ ತೆಗೆದು ಕೊಟ್ಟರು. ಕೈಗೆ ಬಂದ ಕೂಡಲೇ ನಾನದನ್ನು ಹೊರಳಿಸಿ ಕಣ್ಣಿದೆಯೇ ಎಂದು ನೋಡಿದೆ. ತಲೆಯೆತ್ತಿದಾಗ ಸುಶೀಲಕ್ಕ ನನ್ನನ್ನೇ ನೋಡುತ್ತಿದ್ದರು.

"ನೋಡ್ಕಳಿ, ತಪ್ಪೇನಿಲ್ಲ" ಎಂದರು. ಮುಖ ಮಾತ್ರ ಸಪ್ಪಗಾಗಿತ್ತು.

ನಾನು ಯಾರಿಗೂ ಹೇಳಲಿಲ್ಲ. ಆದರೂ ಬೇಲಿಯಾಚೆ ಇಬ್ಬರು ನಿಂತು ಮಾತಾಡಿದರೆ ಸುಶೀಲಕ್ಕನ ಕಣ್ಣು ನನ್ನ ಮೇಲಿರುತ್ತಿತ್ತು. ಮಳೆ ಹಿಡಿಯುವ ಮೊದಲೇ ಅವರ ಯಜಮಾನರು ಕೆಲಸ ಬಿಟ್ಟು ಹೊರನಾಡಿನ ಲಾಡ್ಜೊಂದಕ್ಕೆ ಮ್ಯಾನೇಜರಾಗಿ ಹೋದರು; ಜೊತೆಗೆ ಸುಶೀಲಕ್ಕನೂ. ಆ ವರ್ಷ ನನ್ನ ಅಂಗಳದಲ್ಲಿ ಡೇರೆ ಅರಳಿತು. ತೋರಿಸಬೇಕಾದವರೇ ಇರಲಿಲ್ಲ.

ಏಳೆಂಟು ವರ್ಷಗಳ ನಂತರ ಕಳಸದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕೂದಲು ಪೂರ್ತಿ ನೆರೆತಿತ್ತು. ಹೂ ಬಂದದ್ದನ್ನು ಹೇಳಿದೆ.

"ಎಷ್ಟು ಅಗಲ?" ಎಂದರು. ಬೆರಳು ಅಗಲಿಸಿ ತೋರಿಸಿದೆ. "ಅಷ್ಟು ಬರಲ್ಲ ಬಿಡಿ" ಎಂದರು, ಆದರೆ ಅವರಿಗೆ ಖುಷಿಯಾಗಿತ್ತು. ಹೊರನಾಡಿನ ಮನೆಗೆ ಅಂಗಳವಿಲ್ಲದೆ ಅವರ ಡೇರೆಯ ತಳಿಯೇ ಹೋಗಿತ್ತಂತೆ.

"ಮುಂದಿನ ಸಲ ಗಡ್ಡೆ ತಂದುಕೊಡ್ತೀನಿ ಸುಶೀಲಕ್ಕ. ಕುಂಡದಲ್ಲಾದ್ರೂ ನೆಡಿ."

ಅವರ ಬಸ್ಸು ಬಂದು ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನನ್ನ ಕೈ ಹಿಡಿದುಕೊಂಡರು.

"ಬೇಡ ಟೀಚರೇ. ಚಿಗುರದೆ ಹೋದ್ರೆ ನಿಮ್ಮ ಮೇಲೂ ಅನುಮಾನ ಬರ್ತದೆ ನಂಗೆ. ಅದೊಂದು ಬೇಡ."